ಕಿರುನೌಕೆಯ ಮೇಲೆ ಕಲಿತ ಪಾಠಗಳು



ನಮ್ಮ ಹಲಕರ್ಣಿಯಿಂದ ಪಡುವಣ ಕಡಲು ಬಹುದೂರವೇನೂ ಇಲ್ಲ. ಆಜರೆಯನ್ನು ದಾಟಿ, ಅಂಬೋಲಿಯ ಘಟ್ಟವನ್ನಿಳಿದು, ಸಾವಂತವಾಡಿಯನ್ನು ಹಿಂದೆ ಹಾಕಿದರೆ ವೆಂಗುರ್ಲೆಯ ದಂಡೆ ಸಿಕ್ಕುವದು. ಆದರೂ ವರ್ಗದಲ್ಲಿ ‘ಸಮುದ್ರವನ್ನು ಕಂಡವರು ಕೈಯೆತ್ತಿರಿ’ ಎಂದರೆ ಏಳುವ ಕೈಗಳು ಬೆರಳೆಣಿಕೆಗೆ ಸಾಲುವಷ್ಟೇ. ನಮ್ಮ ಹೊಲಗಳ ಮೇಲೆ ಬೀಳುವ ಮಳೆಯೂ ಹೀಗೆಯೇ ಕಡಲಿಗೆ ಬೆನ್ನು ತಿರುಗಿಸಿದೆ. ಹಿರಣ್ಯಕೇಶಿಯು ಅಂಬೋಲಿಯ ಬಳಿ, ಪಶ್ಚಿಮ ಸಮುದ್ರದ ಗಾಳಿ ತಾಕುವಷ್ಟು ಸಮೀಪದಲ್ಲಿ ಹುಟ್ಟಿಯೂ ಆ ಕಡೆಗೆ ಇಳಿಯುವದಿಲ್ಲ. ಆಜರೆ, ಗಡಹಿಂಗ್ಲಜ, ಸಂಕೇಶ್ವರಗಳ ಮೇಲೆ ಹಾದು ಘಟಪ್ರಭೆಯನ್ನು ಸೇರಿ, ಕೃಷ್ಣೆಯೊಡನೆ ಕೂಡಿ, ದೇಶದ ಅಗಲವನ್ನೆಲ್ಲ ಅಳೆದು ಬಂಗಾಲದ ಉಪಸಾಗರಕ್ಕೆ ಹೋಗಿ ಬೀಳುವದು. ನಕಾಶೆಯ ಮೇಲೆ ಇದನ್ನು ಬೆರಳಿನಿಂದ ತೋರಿಸುವದು ಸುಲಭ. ಅದು ಏಕೆ ಹೀಗೆ ಎಂಬುದು ಮನಸ್ಸಿಗೆ ಹತ್ತಬೇಕಾದರೆ ಘಟ್ಟದ ನೆತ್ತಿಯ ಮೇಲೆ ನಿಂತು, ಒಂದು ಕಡೆ ಮೆಲ್ಲನೆ ಇಳಿಯುವ ನಮ್ಮ ಸೀಮೆಯನ್ನೂ ಇನ್ನೊಂದು ಕಡೆ ಒಮ್ಮೆಲೇ ಕಡಿದು ಬಿದ್ದಂತಿರುವ ಕೊಂಕಣವನ್ನೂ ನೋಡಬೇಕು.

ಈ ವರ್ಷ ದೀಪಾವಳಿಯ ಬಿಡುವಿನಲ್ಲಿ ನಮಗೆ ಆ ಯೋಗ ಕೂಡಿಬಂದಿತು. ಧಾರವಾಡದಲ್ಲಿ ನಮ್ಮೊಡನೆ ಪದವಿಗಾಗಿ ಓದಿದ ಹಳೆಯ ಸಹಪಾಠಿಗಳು 18 ಮಂದಿ ಒಟ್ಟುಗೂಡಿ, ಒಂದು ಸಣ್ಣ ನೌಕೆಯನ್ನು ದಿನದ ಮಟ್ಟಿಗೆ ಗೊತ್ತುಮಾಡಿಕೊಂಡು, ಉಡುಪಿ ಜಿಲ್ಲೆಯ ಮಲ್ಪೆಯಿಂದ ಸಂತ ಮೇರಿಯ ದ್ವೀಪಗಳ ಸುತ್ತ ಒಂದು ಶೈಕ್ಷಣಿಕ ಯಾನವನ್ನು ಕೈಕೊಂಡೆವು. ನಮ್ಮಲ್ಲಿ ಕೆಲವರು ಶಿಕ್ಷಕರು, ಕೆಲವರು ಬ್ಯಾಂಕಿನವರು, ಒಬ್ಬರು ವೈದ್ಯರು, ಇಬ್ಬರು ಒಕ್ಕಲುತನ ಮಾಡುವವರು. ಹೊರಡುವ ಮೊದಲೇ ಒಂದು ಕಟ್ಟುಪಾಡನ್ನು ಮಾಡಿಕೊಂಡಿದ್ದೆವು. ಉಂಡು, ಹರಟಿ, ಚಿತ್ರ ತೆಗೆದುಕೊಂಡು ಬರುವ ಪ್ರವಾಸ ಇದಾಗಬಾರದು. ಒಬ್ಬೊಬ್ಬರೂ ಒಂದೊಂದು ವಿಷಯವನ್ನು ಓದಿಕೊಂಡು ಬಂದು, ನೌಕೆಯ ಮೇಲೆಯೇ ಉಳಿದವರಿಗೆ ಪಾಠ ಹೇಳಬೇಕು. ನಮ್ಮ ಪಾಲಿಗೆ ಭೂಗೋಲ ಬಂದಿತು. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಮತ್ತೆ ವಿದ್ಯಾರ್ಥಿಯಾಗಿ ಕೂಡ್ರುವದು ಎಷ್ಟು ಹಿತವೆಂಬುದನ್ನು ಆ ದಿನ ಕಂಡೆವು.

ನೌಕೆಯನ್ನೇ ಪಾಠಶಾಲೆಯಾಗಿ ಮಾಡುವ ಕಲ್ಪನೆ ಹೊಸದಲ್ಲ. ಅಮೇರಿಕೆಯಿಂದ 1926ರ ಸಪ್ಟೆಂಬರದಲ್ಲಿ ‘ರಿಂಡಾಮ್’ ಎಂಬ ಹಡಗು ಸುಮಾರು 500 ವಿದ್ಯಾರ್ಥಿಗಳನ್ನೂ ಅವರ ಅಧ್ಯಾಪಕರನ್ನೂ ಹೊತ್ತು, ಏಳು ತಿಂಗಳಿಗೂ ಮೇಲೆ ಜಗತ್ತನ್ನು ಸುತ್ತಿತು. ತೇಲುವ ವಿಶ್ವವಿದ್ಯಾಲಯವೆಂದು ಅದಕ್ಕೆ ಹೆಸರಾಯಿತು. ಆದರೆ ನಮ್ಮ ಮಕ್ಕಳು ನೆನಪಿಡಬೇಕಾದ ಸಮುದ್ರಯಾನವು ಅದಕ್ಕಿಂತ ಐದು ವರ್ಷ ಹಿಂದಿನದು. 1921ರಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಕಲಕತ್ತಾ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಆಕ್ಸ್‌ಫರ್ಡಿನ ಪರಿಷತ್ತಿಗೆ ಹೋಗಿದ್ದರು. ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲವರ್ಣವು ಅವರ ಮನಸ್ಸನ್ನು ಹಿಡಿದಿತು. ಕಡಲಿನ ನೀಲಿಯು ಆಕಾಶದ ಪ್ರತಿಬಿಂಬ ಮಾತ್ರವೆಂದು ಆ ಕಾಲದ ದೊಡ್ಡ ವಿಜ್ಞಾನಿಯಾದ ರ‍್ಯಾಲೇ ಹೇಳಿದ್ದನು. ರಾಮನ್‌ರು ತಿರುಗಿ ಬರುವಾಗ ‘ನರ್ಕುಂಡಾ’ ಹಡಗಿನ ಮೇಲೆ ನಿಂತು, ಕಿಸೆಯಲ್ಲಿ ಹಿಡಿಸುವಂಥ ನಿಕಲ್ ಪಟ್ಟಕವೊಂದನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ಅಡಗಿಸಿ ನೋಡಿದರು. ನೀಲಿಯು ಮಾಯವಾಗಲಿಲ್ಲ, ಇನ್ನಷ್ಟು ಗಾಢವಾಯಿತು! ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ಅವರು ಕಂಡುಕೊಂಡು, ಮುಂಬಯಿಯ ಬಂದರಿಗೆ ಬಂದೊಡನೆ ಅದನ್ನು ಬರೆದು ವಿಲಾಯತಿಯ ‘ನೇಚರ್’ ಪತ್ರಿಕೆಗೆ ಕಳುಹಿಸಿದರು. ಅಲ್ಲಿಂದ ಹಿಡಿದ ದಾರಿಯೇ 1928ರ ಫೆಬ್ರುವರಿ 28ರ ಶೋಧಕ್ಕೂ 1930ರ ನೋಬೆಲ್ ಪಾರಿತೋಷಕಕ್ಕೂ ಮುಟ್ಟಿತು. ಆ ಹಡಗಿನಲ್ಲಿ ನೂರಾರು ಜನರು ಅದೇ ನೀಲಿಯನ್ನು ನೋಡಿದ್ದರು. ಕಿಸೆಯಲ್ಲಿ ಪಟ್ಟಕವಿದ್ದವರು ಒಬ್ಬರೇ.

ಸಾವಂತವಾಡಿಯಲ್ಲಿ ನಾವು ಕೊಂಕಣ ರೈಲನ್ನು ಹತ್ತಿದೆವು. 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದ ಈ ಹಾದಿಯು ಘಟ್ಟಕ್ಕೂ ಕಡಲಿಗೂ ನಡುವಿನ ಇಕ್ಕಟ್ಟಿನಲ್ಲಿ ಸುರಂಗಗಳನ್ನು ಹೊಕ್ಕು ಹೊರಡುತ್ತ, ನದಿಯ ಮೇಲೆ ನದಿಯನ್ನು ದಾಟುತ್ತ ಸಾಗುವದು. ಕಾರವಾರದಲ್ಲಿ ಕಾಳಿ, ಹೊನ್ನಾವರದಲ್ಲಿ ಶರಾವತಿ. ಶರಾವತಿಯ ಸೇತುವೆಯು 2 ಕಿಲೋಮೀಟರಿಗೂ ಮಿಗಿಲು ಉದ್ದ. ಈ ನದಿಗಳೆಲ್ಲ ಘಟ್ಟದಲ್ಲಿ ಹುಟ್ಟಿ ನೇರವಾಗಿ ಕಡಲಿಗೆ ಧಾವಿಸುವಂಥವು. ಉದ್ದ ಕಡಿಮೆ, ಇಳಿಜಾರು ಹೆಚ್ಚು, ಬಾಯಿ ಅಗಲ. ನಮ್ಮ ಹಿರಣ್ಯಕೇಶಿಗೂ ಇವಕ್ಕೂ ತವರು ಒಂದೇ, ನಡತೆ ಬೇರೆ. ಉಳಿದ ಪ್ರಯಾಣದ ವಿವರವನ್ನು ಇಲ್ಲಿ ಬಿಡುತ್ತೇವೆ.

ಮಲ್ಪೆಯು ಕರ್ನಾಟಕದ ಅತಿ ದೊಡ್ಡ ಮೀನುಗಾರಿಕೆಯ ಬಂದರು. ಬಣ್ಣ ಬಳಿದ ನೂರಾರು ದೋಣಿಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಬಂಗುಡೆ, ಬೂತಾಯಿ ಮೀನುಗಳ ಬುಟ್ಟಿಗಳು, ಮಂಜುಗಡ್ಡೆಯ ರಾಶಿ, ಬಲೆ ಹೊಲಿಯುವವರ ಸಾಲು. ಅಲ್ಲಿಗೆ ಸಮೀಪದಲ್ಲಿಯೇ ವಡಭಾಂಡೇಶ್ವರದ ಬಲರಾಮನ ಗುಡಿಯಿದೆ. 13ನೆಯ ಶತಮಾನದಲ್ಲಿ ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಇಲ್ಲಿ ಬಿರುಗಾಳಿಗೆ ಸಿಕ್ಕಾಗ, ದಂಡೆಯ ಮೇಲಿದ್ದ ಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ಅದನ್ನು ಪಾರುಮಾಡಿದರೆಂದೂ, ಆ ಹಡಗಿನಲ್ಲಿದ್ದ ಗೋಪೀಚಂದನದ ಹೆಂಟೆಗಳೊಳಗೆ ಬಲರಾಮ ಮತ್ತು ಉಡುಪಿಯ ಕೃಷ್ಣನ ವಿಗ್ರಹಗಳು ದೊರೆತವೆಂದೂ ಸಂಪ್ರದಾಯದ ಕಥೆ. ಇತಿಹಾಸದ ಪಾಠ ಹೇಳಿದ ನಮ್ಮ ಮಿತ್ರರು ಕಥೆಯ ಇನ್ನೊಂದು ಮಗ್ಗುಲನ್ನು ಎತ್ತಿ ತೋರಿಸಿದರು: ಗುಜರಾಥದ ಹಡಗುಗಳು ತುಳುನಾಡಿನ ದಂಡೆಯ ಗುಂಟ ವ್ಯಾಪಾರಕ್ಕೆ ಬರುತ್ತಿದ್ದವೆಂಬುದನ್ನು ಕಥೆ ಹೇಳಿದವರೂ ಕೇಳಿದವರೂ ಸಹಜವೆಂದೇ ಬಗೆದಿದ್ದರು.

ನಮ್ಮ ನೌಕೆಯನ್ನು ನಡೆಸುವ ತಂಡೇಲರು ಮೊದಲು ಮಾಡಿದ ಕೆಲಸವೆಂದರೆ, ಹಲಗೆಯ ಮೇಲೆ ಕಾಲಿಡುವ ಮೊದಲೇ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ಟನ್ನು ತೊಡಿಸಿ, ಪಟ್ಟಿಗಳನ್ನು ತಾವೇ ಎಳೆದು ನೋಡಿದ್ದು. ನಮ್ಮಲ್ಲೊಬ್ಬರು ‘ಸೆಕೆಯಾಗುತ್ತದೆ, ಆಮೇಲೆ ತೊಡುತ್ತೇನೆ’ ಎಂದರು. ‘ಹಾಗಾದ್ರೆ ನೀವು ದಡದಲ್ಲೇ ಕೂತ್ಕೊಳ್ಳಿ ಮಾಸ್ಟ್ರೇ, ನಾವು ಬಂದ ಮೇಲೆ ಮಾತಾಡುವ’ ಎಂದು ತಂಡೇಲರು ನಗುತ್ತಲೇ ಹೇಳಿದರು. ಜಾಕೆಟ್ಟು ಮೈಮೇಲೆ ಏರಿತು.

ನೌಕೆ ಹೊರಟೊಡನೆ ವಿಜ್ಞಾನದ ಪಾಠ. ಕಬ್ಬಿಣದ ಮೊಳೆ ಮುಳುಗುವದು, ಕಬ್ಬಿಣದ ಹಡಗು ತೇಲುವದು, ಏಕೆ? ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುವದೆಂದು ಆರ್ಕಿಮಿಡೀಸನು ಹೇಳಿದ್ದನ್ನು ನೀವು ಓದಿದ್ದೀರಿ. 10 ಟನ್ನಿನ ನೌಕೆಯು ನದಿಯ ನೀರಿನಲ್ಲಿ 10 ಘನ ಮೀಟರು ನೀರನ್ನು ಸರಿಸಬೇಕು. ಕಡಲಿನ ನೀರು ಲೀಟರಿಗೆ ಸುಮಾರು 35 ಗ್ರಾಂ ಉಪ್ಪನ್ನು ಹೊತ್ತು ತುಸು ಭಾರವಾಗಿರುವದರಿಂದ ಅಲ್ಲಿ ಒಂಬತ್ತು ಮುಕ್ಕಾಲು ಘನ ಮೀಟರು ಸರಿಸಿದರೆ ಸಾಕು. ಅದಕ್ಕೇ ನದಿಯಿಂದ ಕಡಲಿಗೆ ಬಂದ ನೌಕೆ ಕೊಂಚ ಮೇಲೆದ್ದು ತೇಲುವದು. ಮನೆಯಲ್ಲಿ ಒಂದು ಲೋಟ ಸಿಹಿನೀರಿನಲ್ಲಿಯೂ ಇನ್ನೊಂದು ಲೋಟ ದಟ್ಟವಾದ ಉಪ್ಪುನೀರಿನಲ್ಲಿಯೂ ಹಸಿಯ ತತ್ತಿಯನ್ನು ಬಿಟ್ಟು ನೋಡಿರಿ.

ಆದರೆ ಈ ನಿಯಮಕ್ಕೆ ಒಂದು ಬಿಗಿಯಾದ ಮಿತಿಯಿದೆ. ಭಾರ ಏರಿದಷ್ಟೂ ನೌಕೆ ಇಳಿಯುವದು. ನೀರಿನ ಮೇಲೆ ಉಳಿದ ಅಂಚು ಕಿರಿದಾದಷ್ಟೂ ಒಂದೇ ತೆರೆ ಒಳನುಗ್ಗಿ ಕೆಲಸ ತೀರಿಸಬಲ್ಲದು. ಇಂಗ್ಲಂಡದಲ್ಲಿ ಸ್ಯಾಮ್ಯುಯಲ್ ಪ್ಲಿಮ್ಸಾಲ್ ಎಂಬವನು ವರ್ಷಗಟ್ಟಲೆ ಹೋರಾಡಿದ್ದರಿಂದ 1876ರಲ್ಲಿ ಹಡಗಿನ ಹೊರಮೈ ಮೇಲೆ ಭಾರದ ಗೆರೆಯನ್ನು ಎಳೆಯಬೇಕೆಂಬ ಕಾಯಿದೆಯಾಯಿತು. ಕಡಲಿನ ಅಪಾಯ ಎಂಥದೆಂಬುದಕ್ಕೆ ನಮ್ಮ ದಂಡೆಯ ಉದಾಹರಣೆ ‘ರಾಮದಾಸ’ ಹಡಗು. 1947ರ ಜುಲೈ 17ರಂದು, ಮಳೆಗಾಲದ ನಡುವೆ, ಮುಂಬಯಿಯಿಂದ ರೇವಸಕ್ಕೆ ಹೊರಟ ಆ ಹಡಗು ದಾರಿಯಲ್ಲಿಯೇ ಮಗುಚಿ, 600ಕ್ಕೂ ಹೆಚ್ಚು ಜನರು ಕಡಲಿನ ಪಾಲಾದರು. ಈ ಮಾತನ್ನು ನೌಕೆಯ ಮೇಲೆ ಕುಳಿತು ಕೇಳುವಾಗ ಯಾರೂ ಹರಟಲಿಲ್ಲ. ಎಲ್ಲರೂ ಮೆಲ್ಲನೆ ತಮ್ಮ ಜಾಕೆಟ್ಟಿನ ಪಟ್ಟಿಯನ್ನು ಮುಟ್ಟಿ ನೋಡಿಕೊಂಡದ್ದನ್ನು ನಾವು ಕಂಡೆವು.

ಬಳಿಕ ನಮ್ಮ ಸರದಿ. ಭೂಮಿಯು ದುಂಡಗಿದೆ ಎಂಬುದಕ್ಕೆ ಪಾಠಪುಸ್ತಕದಲ್ಲಿ ಹಡಗಿನ ಚಿತ್ರವಿರುವದಷ್ಟೆ? ಅದನ್ನು ಕಣ್ಣಾರೆ ಕಾಣುವ ಅವಕಾಶ ಬೇರೆಲ್ಲಿ? ಕಣ್ಣು ನೀರಿನಿಂದ 2 ಮೀಟರು ಎತ್ತರದಲ್ಲಿದ್ದರೆ ಕ್ಷಿತಿಜವು ಬರೇ 5 ಕಿಲೋಮೀಟರು ದೂರ. 15 ಕಿಲೋಮೀಟರು ದೂರದ ಹಡಗಿನ ಕೆಳಭಾಗ ಸುಮಾರು 8 ಮೀಟರು ನೀರಿನ ಉಬ್ಬಿನ ಹಿಂದೆ ಅಡಗಿರುವದು. ನಮಗೂ ಹಾಗೆಯೇ ಕಂಡಿತು: ಪಡುವಣದಲ್ಲಿ ಮೀನಿನ ದೋಣಿಯೊಂದರ ಕಂಬ ಮಾತ್ರ ನೀರಿನಲ್ಲಿ ನೆಟ್ಟ ಗೂಟದಂತೆ ನಿಂತಿತ್ತು, ಕಾಲು ಗಂಟೆಯ ಮೇಲೆ ಅದರ ಕೆಳಗೆ ದೋಣಿಯ ಒಡಲು ಮೂಡಿ ಬಂದಿತು. ಇದಕ್ಕೆ ಎದುರಾಗಿ, ಮೂಡಣದಲ್ಲಿ 1,890 ಮೀಟರಿಗೂ ಎತ್ತರವಾದ ಕುದುರೆಮುಖದ ಶಿಖರವು ಮುಸುಕಿಲ್ಲದ ದಿನ ಕಡಲಿನಿಂದ ಬಹುದೂರಕ್ಕೂ ಕಾಣುವದು. ಕುದುರೆಯ ಮೋರೆಯಂಥ ಆ ಆಕಾರವೇ ಹಿಂದಿನ ನಾವಿಕರಿಗೆ ಗುರುತಾಗಿತ್ತು.

ಕಡಲಿನವರು ಕಿಲೋಮೀಟರನ್ನು ಬಿಟ್ಟು ನಾವಿಕ ಮೈಲನ್ನು ಏಕೆ ಬಳಸುವರು? ಅಕ್ಷಾಂಶದ ಒಂದು ಕಲೆಯ ಉದ್ದವೇ ಒಂದು ನಾವಿಕ ಮೈಲು, ಅಂದರೆ 1,852 ಮೀಟರು. 60 ಕಲೆಗೆ ಒಂದು ಅಂಶ. ಹೀಗಾಗಿ ನಕಾಶೆಯ ಅಂಚೇ ಅವರಿಗೆ ಅಳತೆಗೋಲು. ಮಲ್ಪೆಯು 13 ಅಂಶ 21 ಕಲೆಯ ಹತ್ತಿರವಿದೆ, ನಮ್ಮೂರು 16 ಅಂಶಕ್ಕೆ ತುಸು ಮೇಲೆ. ವ್ಯತ್ಯಾಸ ಎರಡು ಮುಕ್ಕಾಲು ಅಂಶವೆಂದು ಹಿಡಿದರೆ 165 ನಾವಿಕ ಮೈಲು. ಅಷ್ಟು, ಅಂದರೆ 300 ಕಿಲೋಮೀಟರಿಗೆ ಕೊಂಚ ಮೇಲೆ, ನಾವು ತೆಂಕಣಕ್ಕೆ ಸರಿದಿದ್ದೆವು. ಇದನ್ನು ಆಕಾಶವೂ ಹೇಳುವದು. ಧ್ರುವನಕ್ಷತ್ರವು ಒಂದು ಊರಿನಲ್ಲಿ ದಿಗಂತದಿಂದ ಎಷ್ಟು ಅಂಶ ಎತ್ತರದಲ್ಲಿ ಕಾಣುವದೋ ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶ. ಆ ರಾತ್ರಿ ಮಲ್ಪೆಯ ದಂಡೆಯ ಮೇಲೆ ಕೋನಮಾಪಕಕ್ಕೆ ದಾರದ ತೂಕಗುಂಡನ್ನು ಕಟ್ಟಿ ಅಳೆದೆವು. 13ಕ್ಕೂ 14ಕ್ಕೂ ನಡುವೆ ಬಂದಿತು. ಹಲಕರ್ಣಿಯ ಮಾಳಿಗೆಯ ಮೇಲೆ ಅಳೆದಾಗ 16 ಬಂದಿತ್ತು. ನಾಲ್ಕಾಣೆಯ ಬೆಲೆಯ ಉಪಕರಣಕ್ಕೆ ಇದು ಕಡಿಮೆ ಮಾತಲ್ಲ.

ದಂಡೆಯಿಂದ ದ್ವೀಪಕ್ಕೆ ಸುಮಾರು 6 ಕಿಲೋಮೀಟರು. ಅರ್ಧ ತಾಸು ಹಿಡಿಯಿತು. ನೌಕೆಯ ವೇಗ ಗಂಟೆಗೆ ಎಷ್ಟು ನಾವಿಕ ಮೈಲು ಎಂಬ ಲೆಕ್ಕವನ್ನು 8ನೆಯ ಇಯತ್ತೆಯವರಿಗೆ ಬಿಟ್ಟಿದ್ದೇವೆ.

ದೊಡ್ಡ ನೌಕೆಯಿಂದ ಸಣ್ಣ ದೋಣಿಗೆ ಇಳಿದು ತೆಂಗಿನ ದ್ವೀಪವನ್ನು ಮುಟ್ಟಿದೆವು. ಅಲ್ಲಿಯ ದಂಡೆಯಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಆದರೆ ಕಣ್ಣು ಸೆಳೆಯುವದು ಕಲ್ಲಿನ ಕಂಬಗಳು. ಐದು, ಆರು, ಏಳು ಮೂಲೆಗಳ ಕಂಬಗಳನ್ನು ಯಾರೋ ಕಡೆದು ಒತ್ತೊತ್ತಾಗಿ ನಿಲ್ಲಿಸಿದಂತೆ. ಕೆಲವು 6 ಮೀಟರಿನವರೆಗೆ ಎತ್ತರ. ನಮ್ಮ ಒಕ್ಕಲಿಗ ಮಿತ್ರರು ನೋಡಿದೊಡನೆ, ‘ಇದು ಎರಿಹೊಲ ಬೇಸಿಗೆಯಲ್ಲಿ ಬಿರಿದಂತಿದೆಯಲ್ಲ!’ ಎಂದರು. ಭೂಶಾಸ್ತ್ರದ ಪುಸ್ತಕದಲ್ಲಿ ನಾಲ್ಕು ಪುಟ ಓದಿ ಬಂದವರಿಗಿಂತ ಅವರ ಮಾತೇ ನೇರವಾಗಿತ್ತು. ಬಿಸಿಯಾದ ಲಾವಾರಸವು ತಣಿಯುವಾಗ ಕುಗ್ಗುವದು. ಕುಗ್ಗಿದಾಗ ಮೇಲ್ಮೈ ಬಿರಿದು ಬಹುಕೋನಗಳಾಗುವದು. ಬಿರುಕು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋದಂತೆ ಕೋನಗಳು ಕಂಬಗಳಾಗುವವು. ಒಣಗುವ ಕೆಸರಿನಲ್ಲಿ ನೀರು ಹೋಗಿ ಕುಗ್ಗುವದು, ಇಲ್ಲಿ ಕಾವು ಹೋಗಿ ಕುಗ್ಗಿತು, ಅಷ್ಟೇ ಭೇದ.

ಈ ಕಲ್ಲಿನ ವಯಸ್ಸು ಸುಮಾರು 8 ಕೋಟಿ 80 ಲಕ್ಷ ವರ್ಷ. ಆಗ ನಮ್ಮ ಭೂಖಂಡಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರವು ಬೇರ್ಪಡುತ್ತಿದ್ದಿತು. ಆ ಸೀಳಿನ ಕಾಲದಲ್ಲಿ ಉಕ್ಕಿದ ಲಾವಾ ಇದು. ಇಂದು ಆ ದ್ವೀಪವು ಆಫ್ರಿಕೆಯ ಮಗ್ಗುಲಲ್ಲಿದೆ. ನಮ್ಮ ಗಡಹಿಂಗ್ಲಜ ಸೀಮೆಯ ಕಪ್ಪುಕಲ್ಲು ಕೂಡ ಲಾವಾದಿಂದಲೇ ಆದದ್ದು. ಆದರೆ ಅದು ಸುಮಾರು 6 ಕೋಟಿ 60 ಲಕ್ಷ ವರ್ಷ ಹಿಂದಿನದು. ಎಂದರೆ ನಾವು ಮನೆ ಕಟ್ಟುವ ಕಲ್ಲು ಈ ದ್ವೀಪದ ಕಲ್ಲಿಗೆ ತಮ್ಮನಾಗಬೇಕು. ಗುಣವೂ ಬೇರೆ: ದ್ವೀಪದ ಕಲ್ಲಿನಲ್ಲಿ ಸಿಲಿಕಾ ಹೆಚ್ಚು. ಕಂಬದಾಕಾರ ಮಾತ್ರ ನಮ್ಮ ಕಡೆಯೂ ಇದೆ. ಪನ್ಹಾಳದ ಸಮೀಪದ ಬಂದಿವಡೆಯಲ್ಲಿ ಅಂಥ ಕಂಬಗಳನ್ನು ನೋಡಬಹುದು. ದ್ವೀಪವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ; ಒಂದು ಚೂರನ್ನೂ ಒಡೆದು ತರಬಾರದು. ವಾಸ್ಕೋ ಡ ಗಾಮನು 1498ರಲ್ಲಿ ಇಲ್ಲಿ ಸ್ತಂಭವೊಂದನ್ನು ನೆಟ್ಟು ಸಾಂತಾ ಮರಿಯಾ ಎಂಬ ಹೆಸರನ್ನಿಟ್ಟನೆಂದು ಹೇಳುತ್ತಾರೆ. ಊರವರಿಗೆ ಇದು ತೋನ್ಸೆಪಾರ್. ಹೆಸರಿಡುವವನು ಬರುವ ಮೊದಲೂ ಇಲ್ಲಿ ಮೀನು ಹಿಡಿಯುವವರಿದ್ದರಷ್ಟೆ!

ಮಧ್ಯಾಹ್ನ ನೀರು ಇಳಿದು, ಬೆಳಿಗ್ಗೆ ಮುಳುಗಿದ್ದ ಬಂಡೆಗಳು ತಲೆಯೆತ್ತಿದವು. ಚಂದ್ರನ ಸೆಳೆತದಿಂದ ಉಬ್ಬರವು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಬರುವದು; ಆದುದರಿಂದ ಇಂದಿನ ಹೊತ್ತಿಗಿಂತ ನಾಳೆ 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿವೆಗಳಲ್ಲಿ ಸೂರ್ಯನೂ ಕೈಗೂಡಿಸುವದರಿಂದ ಏರಿಳಿತ ದೊಡ್ಡದು. ತಂಡೇಲರು ಗಡಿಯಾರವನ್ನು ನೋಡದೆ ತಿಥಿಯನ್ನು ಕೇಳಿ ಉಬ್ಬರದ ಹೊತ್ತನ್ನು ಹೇಳಿದರು. ನಾವು ಪಟ್ಟಿಯೊಡನೆ ತಾಳೆ ನೋಡಿದೆವು. ಹತ್ತು ನಿಮಿಷದ ಅಂತರವೂ ಇರಲಿಲ್ಲ.

ಅವರೊಡನೆ ಮಾತಾಡುವಾಗ ಒಂದು ಸ್ವಾರಸ್ಯ ನಡೆಯಿತು. ಕೊಲ್ಹಾಪುರ ಜಿಲ್ಲೆಯವರೆಂದು ತಿಳಿದು, ‘ನೀವು ಮಹಾರಾಷ್ಟ್ರದವರಲ್ವಾ ಮಾಸ್ಟ್ರೇ, ಇಷ್ಟು ಕನ್ನಡ ಹೇಗೆ?’ ಎಂದು ಕೇಳಿದರು. ‘ನಮ್ಮ ಮನೆಯ ಮಾತು, ನಮ್ಮ ಶಾಲೆಯ ಮಾತು ಅದೇ’ ಎಂದೆವು. ಅವರ ಮನೆಯ ಮಾತು ತುಳು. ದೋಣಿಯ ಇನ್ನೊಬ್ಬರದು ಕೊಂಕಣಿ. ತಮ್ಮತಮ್ಮಲ್ಲಿ ಒಂದು, ನಮ್ಮೊಡನೆ ಒಂದು, ಪೇಟೆಯಲ್ಲಿ ಮತ್ತೊಂದು. ತುಳುವಿನ ಕಡಲ್ ನಮ್ಮ ಕಡಲೇ ಆಗಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಎಂದು ಬಾಳುವ ನಮ್ಮ ಮಕ್ಕಳಿಗೆ ಇದು ಅಪರಿಚಿತ ಜೀವನವೇನಲ್ಲ.

ಇನ್ನು ಪಾಲಕರೊಡನೆ ನೇರವಾಗಿ ಮಾತಾಡಬೇಕು. ಬರುವ ವರ್ಷ 9ನೆಯ ಇಯತ್ತೆಯ ಮಕ್ಕಳನ್ನು ಇದೇ ಯಾನಕ್ಕೆ ಕರೆದೊಯ್ಯಬೇಕೆಂಬ ನಮ್ಮ ವಿಚಾರ ಹೊರಬಿದ್ದೊಡನೆ ಹಲವರು ಅಂಜಿಕೆಯನ್ನು ತೋರಿಸಿದ್ದಾರೆ. ಅಂಜಿಕೆ ಸುಳ್ಳಲ್ಲ. 2018ರ ಡಿಸೆಂಬರದಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನಿನ ದೋಣಿಯು ಏಳು ಜನರೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಅದರ ಅವಶೇಷವನ್ನು ನೌಕಾದಳವು ಮಾಲವಣದ ಆಚೆಯ ಕಡಲಿನ ತಳದಲ್ಲಿ ಕಂಡಿತು. ಅವರು ಕಡಲಿನಲ್ಲಿಯೇ ಹುಟ್ಟಿ ಬೆಳೆದವರು. 2022ರ ಏಪ್ರಿಲದಲ್ಲಿ ಇದೇ ದ್ವೀಪಕ್ಕೆ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಬಂಡೆಯ ಅಂಚಿನಿಂದ ನೀರಿಗೆ ಸಿಕ್ಕಿ ತೀರಿಕೊಂಡರು. ಇವನ್ನು ಮುಚ್ಚಿಟ್ಟು ಒಪ್ಪಿಗೆ ಪಡೆಯುವದು ನಮಗೆ ಬೇಡ.

ಎರಡನೆಯ ಘಟನೆಯಿಂದ ತಿಳಿಯತಕ್ಕದ್ದೇನೆಂದರೆ, ಅಪಾಯವು ನೌಕೆಗಿಂತ ದಂಡೆಯ ಬಂಡೆಗಳಲ್ಲಿ ಹೆಚ್ಚು ಹೊಂಚುಹಾಕಿದೆ. ಪಾಚಿಗಟ್ಟಿದ ಕಲ್ಲು, ಹಿಂದಿನಿಂದ ಬರುವ ತೆರೆ, ಚಿತ್ರ ತೆಗೆಸಿಕೊಳ್ಳುವ ಆತುರ. ನಮ್ಮ ಹುಡುಗರು ಬಾವಿಯಲ್ಲಿ ಈಜು ಕಲಿತವರು. ಬಾವಿಯ ನೀರು ನಿಂತಿರುವದು, ಕಡಲಿನ ನೀರು ಎಳೆದುಕೊಂಡು ಹೋಗುವದು. ಬಾವಿಯ ಈಜನ್ನು ನಂಬಿ ಕಡಲಿಗಿಳಿಯುವವನಿಗಿಂತ ಈಜು ಬಾರದೆ ದೂರ ನಿಂತವನು ಸುರಕ್ಷಿತ. ಆದುದರಿಂದ ನೀರಿಗಿಳಿಯಲು ಯಾರಿಗೂ ಅಪ್ಪಣೆಯಿಲ್ಲ, ಮೊಣಕಾಲುದ್ದಕ್ಕೂ ಇಲ್ಲ. ಹತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರು ಇರುವರು. ದೋಣಿ ಹತ್ತುವಾಗ, ಇಳಿಯುವಾಗ, ತಿರುಗಿ ಹತ್ತುವಾಗ ಹೆಸರು ಕರೆದೇ ಎಣಿಸುವೆವು. ಜಾಕೆಟ್ಟು ಧಕ್ಕೆಯ ಮೇಲೆಯೇ ತೊಟ್ಟು, ಧಕ್ಕೆಗೆ ಬಂದ ಮೇಲೆಯೇ ಕಳಚತಕ್ಕದ್ದು. ಜೂನ 1ರಿಂದ ಜುಲೈ 31ರ ವರೆಗೆ ಈ ದಂಡೆಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ, ದ್ವೀಪದ ದೋಣಿಗಳೂ ಮಳೆಗಾಲದಲ್ಲಿ ನಿಂತಿರುವವು. ನಾವು ಹೊರಡುವದು ದೀಪಾವಳಿಯ ನಂತರ. ಆಗಲೂ ತಂಡೇಲರು ‘ಇವತ್ತು ಬೇಡ’ ಎಂದರೆ ದಂಡೆಯ ಮೇಲೆ ಚಿಪ್ಪು ಎಣಿಸಿ ತಿರುಗಿ ಬರುವೆವು. ಆ ದಿನದ ಖರ್ಚು ವ್ಯರ್ಥವಾಯಿತೆಂದು ಯಾರೂ ಲೆಕ್ಕ ಕೇಳಬಾರದು.

ಹೆಣ್ಣುಮಕ್ಕಳನ್ನು ಕಳುಹಿಸುವದು ಹೇಗೆ ಎಂದು ಕೆಲವರು ಕೇಳಿದ್ದಾರೆ. ನಮ್ಮ ಯಾನದಲ್ಲಿ ಐದು ಜನ ಸಹಪಾಠಿನಿಯರಿದ್ದರು. ಉಬ್ಬರದ ಪಾಠವನ್ನು ಹೇಳಿದವರು ಅವರಲ್ಲೊಬ್ಬರೇ. ಶಿಕ್ಷಕಿಯರು ಜೊತೆಗಿರುವರು, ವಸತಿ ಬೇರೆಯಾಗಿರುವದು. ಇದಕ್ಕಿಂತ ಹೆಚ್ಚು ಹೇಳಬೇಕಾದುದು ನಮಗೆ ತೋರುವದಿಲ್ಲ. ಹಣದ ಮಾತು ಬೇರೆ. ಖರ್ಚನ್ನು ಹೊರಲಾರದ ಮನೆಗಳಿವೆಯೆಂಬುದನ್ನು ಬಲ್ಲೆವು. ಜಾಣನಾದ ಹುಡುಗ ಹಣಕ್ಕಾಗಿ ಹಿಂದೆ ಉಳಿದರೆ ಯಾನಕ್ಕೆ ಅರ್ಥವೇ ಇಲ್ಲ. ನಮ್ಮ 18 ಜನ ಸಹಪಾಠಿಗಳು ತಿರುಗಿ ಬರುವಾಗ ರೈಲಿನಲ್ಲಿಯೇ ಕೈಯೆತ್ತಿ ನಾಲ್ಕು ಮಕ್ಕಳ ವೆಚ್ಚವನ್ನು ಒಪ್ಪಿಕೊಂಡಿದ್ದಾರೆ. ಉಳಿದದ್ದಕ್ಕೆ ಸಂಸ್ಥೆಯ ಹಿತೈಷಿಗಳತ್ತ ನೋಡುತ್ತಿದ್ದೇವೆ.

ಹೊರಡಲಿಚ್ಛಿಸುವ ವಿದ್ಯಾರ್ಥಿಗಳು ಈಗಿನಿಂದಲೇ ಕೆಲಸಕ್ಕೆ ತೊಡಗಬೇಕು. ಕೋನಮಾಪಕ, ದಾರ, ಒಂದು ಸಣ್ಣ ಕಲ್ಲು ಇಷ್ಟಿದ್ದರೆ ಸಾಕು. ಮೋಡವಿಲ್ಲದ ಹತ್ತು ರಾತ್ರಿ ಮನೆಯ ಮಾಳಿಗೆಯಿಂದ ಧ್ರುವನಕ್ಷತ್ರದ ಎತ್ತರವನ್ನು ಅಳೆದು, ದಿನಾಂಕದೊಡನೆ ವಹಿಯಲ್ಲಿ ಬರೆಯಿರಿ. ಹತ್ತೂ ಅಳತೆಗಳು ಒಂದೇ ಬರಬೇಕೆಂದಿಲ್ಲ. ಬಂದದ್ದನ್ನು ಬಂದಂತೆ ಬರೆದು ಸರಾಸರಿ ತೆಗೆಯಿರಿ, ನೆರೆಯವನ ವಹಿಯನ್ನು ನೋಡಿ ತಿದ್ದಬೇಡಿರಿ. ಕಾರ್ತಿಕದಿಂದ ಮಾಘದವರೆಗೆ ಆಕಾಶ ಅನುಕೂಲವಾಗಿರುವದು. ಊರಿನ ಯಾವುದಾದರೂ ಬಾವಿಯ ಕಟ್ಟೆಯಲ್ಲಿ ಕಾಣುವ ಕಲ್ಲಿನ ಬಣ್ಣ, ಕಣ, ಬಿರುಕುಗಳನ್ನು ಗುರುತುಹಾಕಿ ಒಂದು ಪುಟ ಬರೆಯಿರಿ. ಈ ವಹಿಗಳನ್ನು ಯುಗಾದಿಯ ಒಳಗೆ ವರ್ಗಶಿಕ್ಷಕರಲ್ಲಿ ಒಪ್ಪಿಸತಕ್ಕದ್ದು. ಪಾಲಕರ ಸಹಿಯ ಒಪ್ಪಿಗೆ ಪತ್ರವು ಶಾಲೆಯ ಕಚೇರಿಯಲ್ಲಿ ದೊರೆಯುವದು.